ಅರ್ಥ ಗೊತ್ತು, ಬಾಯಿಗೆ ಬರುವುದಿಲ್ಲ: ಇಂಗ್ಲಿಷ್ ಪದ ಕಲಿಯುವ ಕ್ರಮ

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಬಿ.ಕಾಂ. ಮುಗಿಸಿ ಈಗ ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ದಿನಾ ಇಂಗ್ಲಿಷ್ ಪೇಪರ್ ಓದಿ ಹತ್ತು ಹದಿನೈದು ಹೊಸ ಪದ ಬರೆದುಕೊಂಡು ಎದುರಿಗೆ ಕನ್ನಡ ಅರ್ಥ ಬರೆಯುತ್ತೇನೆ. ಮೂರು ನೋಟ್‌ಬುಕ್ ತುಂಬಿವೆ. ಆದರೆ ಮೇಲ್ ಬರೆಯುವಾಗ, ಮೀಟಿಂಗ್‌ನಲ್ಲಿ ಮಾತಾಡುವಾಗ ಅವೇ ಹಳೇ ನಾಲ್ಕು ಪದಗಳು ಬರುತ್ತವೆ. ಯಾವ ಡಿಕ್ಷನರಿ ಬಳಸಬೇಕು? ದಿನಕ್ಕೆ ಎಷ್ಟು ಪದ ಕಲಿಯಬೇಕು? ಅರ್ಥ, ಉದಾಹರಣೆ ವಾಕ್ಯ ಹೇಗೆ ಬರೆದುಕೊಳ್ಳಬೇಕು? ಬನಶಂಕರಿಯಿಂದ ಮೆಟ್ರೋದಲ್ಲಿ ಓಡಾಡುತ್ತೇನೆ, ಆ ಹೊತ್ತನ್ನೂ ಬಳಸಬಹುದೇ?
ಓದುಗರು, ಬನಶಂಕರಿ, ಬೆಂಗಳೂರು

ಉತ್ತರ: ನಿಮ್ಮ ಶ್ರಮಕ್ಕೇನೂ ಕೊರತೆಯಿಲ್ಲ. ಅಭ್ಯಾಸ ಮಾಡಿದ್ದು ನಿಮಗೆ ಬಂದೇ ಇದೆ. ಇಂಗ್ಲಿಷ್ ಪದ ಕಂಡ ಕೂಡಲೇ ಕನ್ನಡ ಅರ್ಥ ಹೇಳುವುದನ್ನು ರೂಢಿ ಮಾಡಿಕೊಂಡಿರಿ, ಪೇಪರ್ ಓದುವಾಗ ಅದು ಕೆಲಸಕ್ಕೆ ಬರುತ್ತಿದೆ. ಮೀಟಿಂಗ್‌ನಲ್ಲಿ ಆಗಬೇಕಾದದ್ದು ಇದರ ಉಲ್ಟಾ. ಅಲ್ಲಿ ಮೊದಲು ಹೇಳಬೇಕಾದ ಸಂಗತಿ ಮನಸ್ಸಿಗೆ ಬರುತ್ತದೆ, ಆಮೇಲೆ ಅದಕ್ಕೆ ತಕ್ಕ ಪದ ಸಿಗಬೇಕು, ಆ ಪದದ ಹಿಂದೆ ಮುಂದೆ ಏನು ಬರುತ್ತದೆ ಅನ್ನುವುದೂ ಜೊತೆಗೇ ಹೊಳೆಯಬೇಕು. ಈ ದಿಕ್ಕಿನ ಅಭ್ಯಾಸ ನಿಮ್ಮ ಮೂರು ನೋಟ್‌ಬುಕ್‌ಗಳಲ್ಲಿ ಒಂದು ಸಾಲಿನಷ್ಟೂ ಆಗಿಲ್ಲ. ಪದದ ಎದುರಿಗೇ ಅರ್ಥ ಬರೆದಿರುವುದರಿಂದ ಪುಟ ತಿರುಗಿಸಿದಾಗ ಎರಡೂ ಒಟ್ಟಿಗೆ ಕಾಣುತ್ತವೆ, 'ಓ, ಇದು ಗೊತ್ತು' ಅನ್ನಿಸುತ್ತದೆ. ಹಾಗೆ ಅನ್ನಿಸುವುದೇ ಮೋಸ. ನೆನಪಿನಿಂದ ಎಳೆದು ತೆಗೆಯುವ ಶ್ರಮ ಬೀಳದೆ ಪದ ಬಾಯಿಗೆ ಬರುವುದಿಲ್ಲ.

ಮೊದಲು ಯಾವ ಪದ ಕಲಿಯಬೇಕು ಅನ್ನುವುದನ್ನು ತೀರ್ಮಾನಿಸಿ. ಪೇಪರಿನಲ್ಲಿ ಕಂಡ ಗೊತ್ತಿಲ್ಲದ ಪದಗಳನ್ನೆಲ್ಲ ಬರೆದುಕೊಳ್ಳುವುದು ದುಬಾರಿ. ತಲೆಬರಹದ ಭಾಷೆಯನ್ನೇ ನೋಡಿ: ಸರ್ಕಾರ ಏನನ್ನೋ 'ಮಲ್' (ಯೋಚನೆ) ಮಾಡುತ್ತದೆ, ಸಂಪುಟ 'ನಾಡ್' (ಒಪ್ಪಿಗೆ) ಕೊಡುತ್ತದೆ, ಪೊಲೀಸರು ಕಳ್ಳನನ್ನು 'ನ್ಯಾಬ್' ಮಾಡುತ್ತಾರೆ, ವಿರೋಧ ಪಕ್ಷ 'ಸ್ಲ್ಯಾಮ್' ಮಾಡುತ್ತದೆ. ಅಂಕಣದ ಅಗಲಕ್ಕೆ ಹೊಂದಲಿ ಎಂದು ಆರಿಸಿದ ಗಿಡ್ಡ ಪದಗಳಿವು. ಆಫೀಸ್ ಮೇಲ್‌ನಲ್ಲಿ ಬರೆದರೆ ವಿಚಿತ್ರವಾಗಿ ಕೇಳುತ್ತವೆ. ಸಂಪಾದಕೀಯ ಪುಟದ ಭಾರೀ ಪದಗಳೂ ಅಷ್ಟೇ, ವರ್ಷಕ್ಕೊಮ್ಮೆ ಎದುರಾದರೆ ಹೆಚ್ಚು.

ಯಾವ ಪದಕ್ಕೆ ಎಷ್ಟು ಬೆಲೆ ಅನ್ನುವುದನ್ನು ಲೆಕ್ಕ ಹಾಕಿದವರಿದ್ದಾರೆ. 1953ರಲ್ಲಿ ಮೈಕೇಲ್ ವೆಸ್ಟ್ ಸುಮಾರು 2000 ಪದಗಳ ಸಾಮಾನ್ಯ ಬಳಕೆಯ ಪಟ್ಟಿ ಪ್ರಕಟಿಸಿದರು. ಆತ ಢಾಕಾದಲ್ಲಿ ಬಂಗಾಳಿ ಹುಡುಗರ ಇಂಗ್ಲಿಷ್ ಕಲಿಕೆಯನ್ನು ಹತ್ತಿರದಿಂದ ನೋಡಿದ ಶಿಕ್ಷಕ, ಕಡಿಮೆ ಪದಗಳಲ್ಲಿ ಓದಿಸುವ ಯೋಚನೆ ಬಲಿತದ್ದು ನಮ್ಮಂಥವರ ನಡುವೆಯೇ. 2013ರಲ್ಲಿ ಬಂದ ಅದರ ಹೊಸ ರೂಪದಲ್ಲಿ ಸುಮಾರು 2800 ಪದಗಳಿವೆ. ಸಾಮಾನ್ಯ ಇಂಗ್ಲಿಷ್ ಬರಹದ ನೂರು ಪದಗಳಲ್ಲಿ 90ಕ್ಕೂ ಹೆಚ್ಚು ಈ ಪಟ್ಟಿಯವೇ ಆಗಿರುತ್ತವೆ. ಆಮೇಲಿನ ದಾರಿ ಉದ್ದ. ಪದಕಲಿಕೆಯ ಸಂಶೋಧಕ ಪಾಲ್ ನೇಷನ್ ಅವರ 2006ರ ಲೆಕ್ಕದಂತೆ ಕಾದಂಬರಿ, ಪತ್ರಿಕೆಗಳಲ್ಲಿ 50 ಪದಕ್ಕೆ ಒಂದು ಮಾತ್ರ ಹೊಸದು ಅನ್ನುವ ಮಟ್ಟ ಮುಟ್ಟಲು 8000ದಿಂದ 9000 ಪದಕುಟುಂಬಗಳು ಬೇಕು, ಆಡುಮಾತಿಗೆ 6000ದಿಂದ 7000. ಡಿಸೈಡ್, ಡಿಸಿಷನ್, ಡಿಸೈಸಿವ್ ಇವೆಲ್ಲ ಸೇರಿ ಒಂದು ಕುಟುಂಬ. ಮೊದಲ 3000 ಪದ ಕೈವಶವಾಗದೆ ಅಪರೂಪದ ಪದಗಳ ಹಿಂದೆ ಹೋಗುವುದು ಅಡಿಪಾಯ ಬಿಟ್ಟು ತಾರಸಿ ಹಾಕಿದಂತೆ.

ನಿಮ್ಮ ಕೆಲಸಕ್ಕೆ ಪದಗಳು ಮೂರು ಕಡೆಯಿಂದ ಬರಲಿ. ಒಂದು, ಆಕ್ಸ್‌ಫರ್ಡ್ 3000 ಎಂಬ ಪಟ್ಟಿ. ಪ್ರಕಾಶಕರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ತೀರಾ ಸುಲಭದ ಎ1ರಿಂದ ತುಸು ಕಷ್ಟದ ಬಿ2ವರೆಗೆ ಮಟ್ಟ ಗುರುತು ಹಾಕಿದ್ದಾರೆ. ಪೆನ್ಸಿಲ್ ಹಿಡಿದು ಕೂತು, ಅರ್ಥವೂ ಗೊತ್ತು, ಬಳಸಲೂ ಬರುತ್ತದೆ ಅನ್ನುವ ಪದಗಳನ್ನು ಹೊಡೆದುಹಾಕಿ. ಉಳಿಯುವುದು ಹೆಚ್ಚಾಗಿ ಬಿ1, ಬಿ2 ಮಟ್ಟದವು. ನಿಮಗೆ ಬೇಕಾದವು ಅವೇ. ಎರಡು, ನಿಮ್ಮ ಮೇಲ್‌ಬಾಕ್ಸ್. ಚೆನ್ನಾಗಿ ಇಂಗ್ಲಿಷ್ ಬರೆಯುವ ಒಬ್ಬ ಮ್ಯಾನೇಜರ್ ಅಥವಾ ಆಡಿಟರ್ ಕಳಿಸಿದ ಹಳೇ ಮೇಲ್‌ಗಳನ್ನು ತೆಗೆಯಿರಿ: ರೀಕನ್ಸೈಲ್, ಓವರ್‌ಡ್ಯೂ, ಡಿಸ್ಕ್ರೆಪನ್ಸಿ, ವೇವ್ (ಮನ್ನಾ ಮಾಡು), ರೀಇಂಬರ್ಸ್ ಇಂಥವು ಸಿಗುತ್ತವೆ. ಮೂರು, ನಿಮ್ಮ ಬಾಳಿಗೆ ಸಂಬಂಧಪಟ್ಟ ಕಾಗದಗಳು. ಬಾಡಿಗೆ ಮನೆಯಲ್ಲಿದ್ದರೆ ಹನ್ನೊಂದು ತಿಂಗಳ ಕರಾರುಪತ್ರ ಇದ್ದೇ ಇರುತ್ತದೆ. ಅದರ ಒಂದು ಪುಟದಲ್ಲಿ ವೇಕೇಟ್, ರಿಫಂಡಬಲ್, ಡಿಡಕ್ಟ್, ಪ್ರಯರ್ ಎಲ್ಲ ಇರುತ್ತವೆ. ದುಡ್ಡಿನ ವಿಷಯವಾದ್ದರಿಂದ ಮರೆಯುವುದೂ ಇಲ್ಲ.

ಡಿಕ್ಷನರಿ ಬಗ್ಗೆ. ಇಂಗ್ಲಿಷ್–ಕನ್ನಡ ಕೋಶವನ್ನು ಬಿಡಬೇಡಿ. 'ಕನ್ನಡ ಅರ್ಥ ಬರೆಯಲೇಬಾರದು, ಇಂಗ್ಲಿಷ್‌ನಲ್ಲೇ ಯೋಚಿಸಬೇಕು' ಎಂಬ ಉಪದೇಶ ಕೋಚಿಂಗ್ ಕ್ಲಾಸ್‌ಗಳಲ್ಲಿ ಬಹಳ ಓಡುತ್ತದೆ. ಅದರಲ್ಲಿ ಹುರುಳಿಲ್ಲ. ಅರ್ಥದ ಹತ್ತಿರಕ್ಕೆ ಬೇಗ ಕರೆದೊಯ್ಯುವುದು ತಾಯ್ನುಡಿಯೇ. ಆದರೆ ಅದು ಹತ್ತಿರಕ್ಕೆ ಬಿಟ್ಟು ಹೋಗುತ್ತದೆ, ಮನೆ ಬಾಗಿಲು ತೋರಿಸುವುದು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿ. ಸಾಮಾನ್ಯ ಇಂಗ್ಲಿಷ್ ಡಿಕ್ಷನರಿ ಬೇಡ. ಅದು ಇಂಗ್ಲಿಷ್ ಬಲ್ಲವರಿಗಾಗಿ ಬರೆದದ್ದು, ಒಂದು ಕಷ್ಟದ ಪದಕ್ಕೆ ಇನ್ನೊಂದು ಕಷ್ಟದ ಪದ ಕೊಡುತ್ತದೆ. ಲರ್ನರ್ಸ್ ಡಿಕ್ಷನರಿಗಳಲ್ಲಿ ಮೂರರ ಹೆಸರು ಸಾಕು. ಎ.ಎಸ್. ಹಾರ್ನ್‌ಬಿ ಶುರು ಮಾಡಿದ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ (ಇದರ ಮೊದಲ ರೂಪ 1942ರಲ್ಲಿ ಜಪಾನಿನಲ್ಲಿ ಹೊರಬಂತು), 1978ರ ಲಾಂಗ್‌ಮನ್, 1987ರ ಕಾಲಿನ್ಸ್ ಕೋಬಿಲ್ಡ್. ಲಾಂಗ್‌ಮನ್‌ನ ಗುಣವೆಂದರೆ ಎಲ್ಲ ಅರ್ಥವಿವರಣೆಗಳನ್ನೂ ಸುಮಾರು 2000 ಸರಳ ಪದಗಳಲ್ಲೇ ಬರೆದಿರುವುದು. ಪದದ ಪಕ್ಕದಲ್ಲಿ 'ಎಸ್1' ಎಂದಿದ್ದರೆ ಮಾತಿನಲ್ಲಿ ಅತಿ ಹೆಚ್ಚು ಬಳಕೆಯ ಮೊದಲ ಸಾವಿರದೊಳಗಿನದು, 'ಡಬ್ಲ್ಯು1' ಎಂದಿದ್ದರೆ ಬರಹದಲ್ಲಿ. ಕೋಬಿಲ್ಡ್ ಪೂರ್ತಿ ವಾಕ್ಯದಲ್ಲೇ ಅರ್ಥ ಹೇಳುತ್ತದೆ: 'ನೀವು ಒಂದು ಕೆಲಸ ಮಾಡಲು ಹೀಗಿದ್ದೀರಿ ಅಂದರೆ…' ಎಂದು ಶುರುವಾಗುವುದರಿಂದ ಪದ ಕೂರುವ ಜಾಗ ಅರ್ಥದಲ್ಲೇ ಕಾಣುತ್ತದೆ. ಮೂರೂ ಫೋನ್‌ನಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ಪುಸ್ತಕವೇ ಬೇಕಿದ್ದರೆ ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟ್‌ನಲ್ಲೋ ಹಳೇ ಪ್ರತಿ ಹುಡುಕಿ. ಆಕ್ಸ್‌ಫರ್ಡ್‌ನ 10ನೇ ಆವೃತ್ತಿ 2020ರದ್ದು, ಆದರೆ 8ನೆಯದೋ 9ನೆಯದೋ ಸಿಕ್ಕರೂ ನಿಮ್ಮ ಕೆಲಸಕ್ಕೆ ಧಾರಾಳ. ಮೊಬೈಲ್ ಅನುವಾದ ಆ್ಯಪ್ ಮಾತ್ರ ಒಂಟಿ ಪದಕ್ಕೆ ಬಳಸಬೇಡಿ. ಹಲವು ಅರ್ಥಗಳಲ್ಲಿ ಒಂದನ್ನು ಎತ್ತಿಕೊಟ್ಟು ಸುಮ್ಮನಾಗುತ್ತದೆ. ಔಟ್‌ಸ್ಟ್ಯಾಂಡಿಂಗ್ ಎಂದರೆ 'ಅತ್ಯುತ್ತಮ' ಎಂದು ಬರೆದುಕೊಂಡವರಿಗೆ 'ಔಟ್‌ಸ್ಟ್ಯಾಂಡಿಂಗ್ ಅಮೌಂಟ್' ಕಂಡಾಗ ಅದು ಬಾಕಿ ಹಣ ಅನ್ನುವುದು ಹೇಗೆ ತಿಳಿಯಬೇಕು?

ಒಂದು ನಮೂದನ್ನು ಹೇಗೆ ಓದಬೇಕು ಅನ್ನುವುದಕ್ಕೆ ರಿಲಕ್ಟಂಟ್ ಅನ್ನುವ ಪದ ತೆಗೆದುಕೊಳ್ಳೋಣ. (ಇಲ್ಲಿ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ, ನೀವು ಇಂಗ್ಲಿಷ್ ಲಿಪಿಯಲ್ಲೇ ಬರೆದುಕೊಳ್ಳಿ, ಇಲ್ಲದಿದ್ದರೆ ಸ್ಪೆಲ್ಲಿಂಗ್ ಕೈತಪ್ಪುತ್ತದೆ.) ಕನ್ನಡ ಅರ್ಥವಾಗಿ 'ಒಲ್ಲದ, ಮನಸ್ಸಿಲ್ಲದ, ಹಿಂಜರಿಯುವ' ಎಂದು ಸಿಗುತ್ತದೆ. ಮೂರೂ ಒಂದಿಷ್ಟು ಸರಿ, ಒಂದಿಷ್ಟು ತಪ್ಪು. 'ಒಲ್ಲದ' ಅಂದ ಕೂಡಲೇ ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುವ ಗಾದೆ ನೆನಪಾಗಿ ಅರ್ಥ ದ್ವೇಷದ ಕಡೆಗೆ ವಾಲುತ್ತದೆ, ರಿಲಕ್ಟಂಟ್‌ನಲ್ಲಿ ದ್ವೇಷವಿಲ್ಲ. 'ಹಿಂಜರಿಯುವ' ಎಂದು ಮಾತ್ರ ಕಲಿತರೆ ಹೆಸಿಟಂಟ್ ಜೊತೆ ಕಲಸಿಹೋಗುತ್ತದೆ. ಹೆಸಿಟಂಟ್ ಎಂಬುವನಿಗೆ ಮಾಡಲೋ ಬಿಡಲೋ ಎಂಬ ಗೊಂದಲ, ರಿಲಕ್ಟಂಟ್ ಎಂಬುವನಿಗೆ ಗೊಂದಲವಿಲ್ಲ, ಇಷ್ಟವಿಲ್ಲ. ಹಾಗಿದ್ದೂ ಆತ ಕೊನೆಗೆ ಆ ಕೆಲಸ ಮಾಡಿಬಿಡಬಹುದು. ಸಾರಾಸಗಟು ಆಗುವುದಿಲ್ಲ ಅಂದುಬಿಟ್ಟರೆ ಅದು ರೆಫ್ಯೂಸ್.

ಅರ್ಥ ಓದಿದ ಮೇಲೆ ಕಣ್ಣು ಹೋಗಬೇಕಾದದ್ದು ದಪ್ಪ ಅಕ್ಷರದ ಮಾದರಿಗೆ: 'ರಿಲಕ್ಟಂಟ್ ಟು ಡೂ ಸಮ್‌ಥಿಂಗ್'. ಅಂದರೆ ಇದರ ಮುಂದೆ 'ಟು' ಮತ್ತು ಕ್ರಿಯಾಪದ ಬರುತ್ತದೆ. ಕನ್ನಡದವರು ಎಡವುವುದು ಹೆಚ್ಚಾಗಿ ಈ ಜೋಡಣೆಯಲ್ಲೇ, ಅರ್ಥದಲ್ಲಲ್ಲ. ಕಾರಣ ನಮ್ಮ ವಿಭಕ್ತಿ. 'ಅದರ ಬಗ್ಗೆ ಚರ್ಚಿಸೋಣ' ಎಂಬ ಅಭ್ಯಾಸದಿಂದ 'ಡಿಸ್ಕಸ್ ಅಬೌಟ್ ಇಟ್' ಬರುತ್ತದೆ, ಇಂಗ್ಲಿಷ್‌ನಲ್ಲಿ ಡಿಸ್ಕಸ್ ಪಕ್ಕಕ್ಕೆ ಅಬೌಟ್ ಬೇಡ. 'ಮೈಸೂರಿಗೆ ತಲುಪಿದೆ' ಎನ್ನುವವರು 'ರೀಚ್ಡ್ ಟು ಮೈಸೂರು' ಎನ್ನುತ್ತಾರೆ, ಆ ಟು ಹೆಚ್ಚುವರಿ. 'ನನಗೊಂದು ಪುಸ್ತಕ ಸೂಚಿಸಿ' ಎಂಬುದು 'ಸಜೆಸ್ಟ್ ಮಿ ಎ ಬುಕ್' ಆಗುತ್ತದೆ, ಆಗಬೇಕಾದದ್ದು 'ಸಜೆಸ್ಟ್ ಎ ಬುಕ್'. ಅವಾಯ್ಡ್ ಪಕ್ಕ ಟು ಬರುವುದಿಲ್ಲ, 'ಅವಾಯ್ಡ್ ಗೋಯಿಂಗ್' ಸರಿ. ಅರ್ಥ ಬರೆದು ಮಾದರಿ ಬರೆಯದಿದ್ದರೆ ಇವೆಲ್ಲ ಹಾಗೇ ಉಳಿಯುತ್ತವೆ, ಎಷ್ಟು ನೋಟ್‌ಬುಕ್ ತುಂಬಿದರೂ. ನಾಮಪದವಾದರೆ ಸಿ ಅಥವಾ ಯು ಎಂಬ ಗುರುತನ್ನೂ ನೋಡಿ. ಯು ಎಂದಿದ್ದರೆ ಎಣಿಸಲಾಗದ್ದು, ಬಹುವಚನ ಇಲ್ಲ. 'ಇನ್‌ಫರ್ಮೇಷನ್ಸ್', 'ಅಡ್ವೈಸಸ್', 'ಫರ್ನಿಚರ್ಸ್' ಎಂಬ ಬೆಂಗಳೂರಿನ ಬೋರ್ಡುಗಳ ಇಂಗ್ಲಿಷ್ ಅಲ್ಲೇ ಸರಿಹೋಗುತ್ತದೆ.

ಇನ್ನು ನಿಮ್ಮದೇ ವಾಕ್ಯ. ಡಿಕ್ಷನರಿಯ ಉದಾಹರಣೆಯನ್ನು ನಕಲು ಮಾಡಿದರೆ ಅರ್ಧ ಕೆಲಸ, ಅದೇ ಮಾದರಿಯಲ್ಲಿ ನಿಮ್ಮ ಬದುಕಿನ ವಾಕ್ಯ ಬರೆದರೆ ಪೂರ್ತಿ ಕೆಲಸ. 'ಐ ಆಮ್ ರಿಲಕ್ಟಂಟ್' ಎಂದು ಬರೆದರೆ ಏನೂ ಬರೆಯದಂತೆಯೇ. ಆ ಜಾಗದಲ್ಲಿ ಹ್ಯಾಪಿ, ಟೈರ್ಡ್, ಹಂಗ್ರಿ ಏನು ಹಾಕಿದರೂ ಕೂರುತ್ತದೆ. 'ಐ ಆಮ್ ರಿಲಕ್ಟಂಟ್ ಟು ಗೋ' ಎಂಬುದರಲ್ಲಿ ಮಾದರಿ ಬಂತು, ಅರ್ಥ ಇನ್ನೂ ಬರಲಿಲ್ಲ. ಇದನ್ನು ನೋಡಿ: 'ದಿ ಆಟೋ ಡ್ರೈವರ್ ವಾಸ್ ರಿಲಕ್ಟಂಟ್ ಟು ಗೋ ಟು ವೈಟ್‌ಫೀಲ್ಡ್ ಇನ್ ದಿ ಈವ್ನಿಂಗ್, ಬಟ್ ಹಿ ಅಗ್ರೀಡ್ ವೆನ್ ಐ ಆಫರ್ಡ್ ಫಿಫ್ಟಿ ರುಪೀಸ್ ಎಕ್ಸ್‌ಟ್ರಾ.' ಸಂಜೆಯ ವೈಟ್‌ಫೀಲ್ಡ್ ಟ್ರಾಫಿಕ್, ಆಟೋದವರ ಮುಖ, ಮೇಲೆ ಐವತ್ತು ರೂಪಾಯಿ ಅಂದ ಕೂಡಲೇ ಬಾಡಿದ ಒಪ್ಪಿಗೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಇಷ್ಟವಿಲ್ಲ, ಆದರೂ ಬಂದ ಅನ್ನುವುದು ವಾಕ್ಯದಲ್ಲೇ ಇದೆ. ಪರೀಕ್ಷೆ ಸುಲಭ: ಕಲಿಯುವ ಪದದ ಮೇಲೆ ಬೆರಳಿಟ್ಟು ಉಳಿದದ್ದನ್ನು ಓದಿ. ಅಲ್ಲಿ ಯಾವ ಪದ ಇರಬೇಕೆಂದು ಊಹಿಸಲು ಆದರೆ ವಾಕ್ಯ ಗಟ್ಟಿ, ಹತ್ತು ಪದ ಕೂರುವಂತಿದ್ದರೆ ಇನ್ನೊಂದು ವಿವರ ಸೇರಿಸಿ. ಇಪ್ಪತ್ತು ಪದ ಮೀರಿದರೆ ಮಾತ್ರ ನೆನಪಿನಲ್ಲಿ ನಿಲ್ಲುವುದಿಲ್ಲ, ಈ ಆಟೋ ವಾಕ್ಯವನ್ನೂ 'ಬಟ್ ಹಿ ಅಗ್ರೀಡ್ ಅಟ್ ಲಾಸ್ಟ್' ಎಂದು ಮೊಟಕು ಮಾಡಿ ಬರೆದುಕೊಳ್ಳುವುದು ಒಳ್ಳೆಯದು.

ಬರೆದ ವಾಕ್ಯ ಸರಿಯೋ ತಪ್ಪೋ ಯಾರನ್ನು ಕೇಳುವುದು? ಮೊದಲು ಡಿಕ್ಷನರಿಯ ಉದಾಹರಣೆಯ ಪಕ್ಕದಲ್ಲಿಟ್ಟು ಹೋಲಿಸಿ: ಪದದ ಎಡಕ್ಕೂ ಬಲಕ್ಕೂ ಇರುವ ಎರಡು ಮೂರು ಪದಗಳು ಅದೇ ಬಗೆಯವೇ? ಅನುಮಾನವಿದ್ದರೆ ಆ ಮೂರು ನಾಲ್ಕು ಪದಗಳ ತುಣುಕನ್ನಷ್ಟೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ, ಒಳ್ಳೆಯ ಪತ್ರಿಕೆಗಳಲ್ಲಿ ಬಳಸಿದ್ದಾರೆಯೇ ನೋಡಿ. ಎಐ ಚಾಟ್ ಬಳಸುವವರು 'ಈ ಪದಕ್ಕೆ ಹತ್ತು ವಾಕ್ಯ ಬರೆದುಕೊಡು' ಎಂದು ಕೇಳಬೇಡಿ, ಆಗ ಶ್ರಮ ಅದರದ್ದು, ಕಲಿಕೆಯೂ ಅದರ ಜೊತೆಗೇ ಹೋಯಿತು. 'ನನ್ನ ವಾಕ್ಯದಲ್ಲಿ ತಪ್ಪಿದ್ದರೆ ತಿದ್ದಿ, ಕಾರಣ ಹೇಳು' ಎಂದು ಕೇಳಿ. ಅದು ಕೊಟ್ಟ ಕಾರಣವನ್ನು ಡಿಕ್ಷನರಿಯಲ್ಲಿ ಒಮ್ಮೆ ತಾಳೆ ನೋಡಿ.

ಬರೆದುಕೊಳ್ಳುವುದು ನೋಟ್‌ಬುಕ್‌ನಲ್ಲಿ ಬೇಡ, ಚೀಟಿಯಲ್ಲಿ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಿಚಿ ಕತ್ತರಿಸಿದರೆ ಎಂಟು ಚೀಟಿ, ಒಂದೊಂದು ಸುಮಾರು 10.5 ಸೆಂ.ಮೀ. ಉದ್ದ, 7.4 ಸೆಂ.ಮೀ. ಅಗಲ. ಬಾಡಿಗೆ ಕರಾರಿನ ಡಿಡಕ್ಟ್ ಎಂಬ ಪದಕ್ಕೆ ಚೀಟಿ ಹೀಗಿರಲಿ.

ಮುಂಬದಿ: ಮನೆ ಖಾಲಿ ಮಾಡುವಾಗ ಓನರ್ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. 'ದಿ ಓನರ್ ಡಿ…… ಒನ್ ಮಂತ್ಸ್ ರೆಂಟ್ …… ದಿ ಡಿಪಾಸಿಟ್ ಫಾರ್ ಪೇಂಟಿಂಗ್.'

ಹಿಂಬದಿ: ಡಿಡಕ್ಟೆಡ್, ಫ್ರಮ್. ಮಾದರಿ: ಡಿಡಕ್ಟ್, ಮೊತ್ತ, ಫ್ರಮ್, ಎಲ್ಲಿಂದ. ಒತ್ತು ಎರಡನೇ ಉಚ್ಚಾರಾಂಶದ ಮೇಲೆ. ನಾಮಪದ: ಡಿಡಕ್ಷನ್.

ಮುಂಬದಿಯಲ್ಲಿ ಕನ್ನಡದ ಒಂಟಿ ಪದ ಇಲ್ಲ, ಸನ್ನಿವೇಶ ಇದೆ ಅನ್ನುವುದನ್ನು ಗಮನಿಸಿ. 'ಕಳೆ' ಎಂದು ಮಾತ್ರ ಬರೆದಿದ್ದರೆ ಲೂಸ್ ಎಂದೂ ಸ್ಪೆಂಡ್ ಎಂದೂ ಸಬ್‌ಟ್ರ್ಯಾಕ್ಟ್ ಎಂದೂ ಉತ್ತರ ಬರಬಹುದು. ಮೊದಲ ಅಕ್ಷರ ಕೊಟ್ಟಿರುವುದೂ ಅದಕ್ಕೇ: 'ಕಟ್' ಎಂದು ಹೇಳಿ ತಪ್ಪಿಸಿಕೊಳ್ಳದಂತೆ. ಫ್ರಮ್ ಜಾಗವನ್ನೂ ಖಾಲಿ ಬಿಟ್ಟಿರುವುದು ಮಾದರಿ ಕೂಡ ಪರೀಕ್ಷೆಗೆ ಬರಲಿ ಎಂದು. ಒಂದು ಚೀಟಿಯಲ್ಲಿ ಒಂದೇ ಅರ್ಥ. ಔಟ್‌ಸ್ಟ್ಯಾಂಡಿಂಗ್‌ಗೆ ಎರಡು ಚೀಟಿ ಬೇಕು, ಅದೂ ಬೇರೆ ಬೇರೆ ವಾರಗಳಲ್ಲಿ.

ಸನ್ನಿವೇಶ ಎಷ್ಟು ಮುಖ್ಯ ಎನ್ನುವುದಕ್ಕೆ ಡೌಟ್ ಮತ್ತು ಸಸ್ಪೆಕ್ಟ್ ಜೋಡಿ ನೋಡಿ. ಕೋಶದಲ್ಲಿ ಎರಡಕ್ಕೂ 'ಅನುಮಾನಿಸು, ಸಂದೇಹಪಡು' ಎಂದಿರುತ್ತದೆ. ಕನ್ನಡದಲ್ಲಿ ಅನುಮಾನ ಎರಡೂ ಕಡೆ ಕೆಲಸ ಮಾಡುತ್ತದೆ: 'ಅವನು ದುಡ್ಡು ತಗೊಂಡಿರೋದು ಅನುಮಾನ' ಅಂದರೆ ತಗೊಂಡಿರಲಿಕ್ಕಿಲ್ಲ, 'ಅವನೇ ದುಡ್ಡು ತಗೊಂಡಿದಾನೆ ಅಂತ ಅನುಮಾನ' ಅಂದರೆ ತಗೊಂಡಿರಬೇಕು. ನಾವು ವಾಕ್ಯದ ಕಟ್ಟಿನಿಂದ ತೋರಿಸುವ ವ್ಯತ್ಯಾಸವನ್ನು ಇಂಗ್ಲಿಷ್ ಎರಡು ಪದಗಳಿಂದ ತೋರಿಸುತ್ತದೆ. ಮೊದಲನೆಯದು ಡೌಟ್, ಎರಡನೆಯದು ಸಸ್ಪೆಕ್ಟ್. ಈಗ ನೀವು ಮೇಲ್‌ನಲ್ಲಿ 'ಐ ಡೌಟ್ ದಟ್ ದಿ ವೆಂಡರ್ ಹ್ಯಾಸ್ ಚಾರ್ಜ್‌ಡ್ ಅಸ್ ಟ್ವೈಸ್' ಎಂದು ಬರೆದರೆ, ವೆಂಡರ್ ಎರಡು ಸಲ ಬಿಲ್ ಹಾಕಿರಲಿಕ್ಕಿಲ್ಲ ಎಂದು ನೀವೇ ಅವರ ಪರ ವಕಾಲತ್ತು ಮಾಡಿದ ಹಾಗಾಯಿತು. ಅಲ್ಲಿ ಬೇಕಾದದ್ದು ಸಸ್ಪೆಕ್ಟ್. ಕನ್ನಡದ ಒಂದು ಪದ ಇಂಗ್ಲಿಷ್‌ನಲ್ಲಿ ಒಡೆಯುವ ಇಂಥ ಜಾಗಗಳು ಇನ್ನೂ ಇವೆ: ಬೇಸರ ಎಂಬುದು ಬೋರ್ಡ್, ಸ್ಯಾಡ್, ಅಪ್‌ಸೆಟ್ ಆಗಬಹುದು, ನೆನಪು ಎಂಬುದು ರಿಮೆಂಬರ್, ರಿಮೈಂಡ್ ಆಗಬಹುದು, ಕಟ್ಟು ಎಂಬುದು ಟೈ, ಬಿಲ್ಡ್, ಪೇ ಆಗಬಹುದು.

ಆದರೆ ಈ ಜೋಡಿಗಳನ್ನು ಒಂದೇ ದಿನ ಕಲಿಯಬೇಡಿ. ಒಂದೇ ಗುಂಪಿನ ಪದಗಳನ್ನು, ಬಾರೋ–ಲೆಂಡ್, ಅಫೆಕ್ಟ್–ಇಫೆಕ್ಟ್ ಥರದವನ್ನು ಒಟ್ಟಿಗೆ ಕಲಿತರೆ ಒಂದರ ನೆನಪು ಇನ್ನೊಂದಕ್ಕೆ ಅಡ್ಡ ಬರುತ್ತದೆ, ಯಾವುದು ಯಾವುದೆಂದು ತಿಂಗಳುಗಟ್ಟಲೆ ಗೊಂದಲ ಉಳಿಯುತ್ತದೆ. 'ಹ್ಯಾಪಿ ಎಂಬುದಕ್ಕೆ ಇಪ್ಪತ್ತು ಸಮಾನಾರ್ಥಕ ಪದಗಳು' ಎಂಬ ವಿಡಿಯೋಗಳು ಉಪಯೋಗಕ್ಕೆ ಬಾರದಿರುವುದು ಇದರಿಂದಲೇ. ಮೊದಲು ಒಂದನ್ನು ಗಟ್ಟಿ ಮಾಡಿ, ಎರಡು ವಾರ ಬಿಟ್ಟು ಇನ್ನೊಂದು.

ದಿನಕ್ಕೆ ಎಷ್ಟು? ವಾರದಲ್ಲಿ ಐದು ದಿನ, ದಿನಕ್ಕೆ ಐದು ಹೊಸ ಪದ. ಶನಿವಾರ, ಭಾನುವಾರ ಹೊಸದು ಬೇಡ. ಕಡಿಮೆ ಅನ್ನಿಸಬಹುದು. ವಾರಕ್ಕೆ 25, ರಜೆ ಕಳೆದು 50 ವಾರಕ್ಕೆ 1250 ಆಗುತ್ತದೆ. ಹೆಚ್ಚು ಯಾಕೆ ಬೇಡ ಎಂಬ ಲೆಕ್ಕ ಮರುನೋಟದಲ್ಲಿದೆ. ಮರೆವಿನ ವೇಗವನ್ನು ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ದಾಖಲಿಸಿದವರು ಜರ್ಮನಿಯ ಎಬ್ಬಿಂಗ್‌ಹೌಸ್. ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಬಹುಪಾಲು ಜಾರುತ್ತದೆ, ಆಮೇಲೆ ಜಾರುವಿಕೆ ನಿಧಾನವಾಗುತ್ತದೆ. ಹಾಗಾಗಿ ಮರುನೋಟ ಮೊದಲು ಹತ್ತಿರ ಹತ್ತಿರ, ಆಮೇಲೆ ದೂರ ದೂರ ಇರಬೇಕು. ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬಿ ಪದ್ಧತಿ ಈಗಲೂ ಚೆನ್ನಾಗಿದೆ. ಚಪ್ಪಲಿ ಡಬ್ಬಿಯಲ್ಲಿ ರಟ್ಟಿನಿಂದ ಐದು ಖಾನೆ ಮಾಡಿ. ಒಂದನೇ ಖಾನೆ ಮಾರನೇ ದಿನ ನೋಡಲು, ಎರಡನೆಯದು ಮೂರು ದಿನಕ್ಕೆ, ಮೂರನೆಯದು ವಾರಕ್ಕೆ, ನಾಲ್ಕನೆಯದು ಹದಿನೈದು ದಿನಕ್ಕೆ, ಐದನೆಯದು ತಿಂಗಳಿಗೆ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಯಾವ ಖಾನೆಯಲ್ಲಿದ್ದರೂ ವಾಪಸ್ ಒಂದನೆಯದಕ್ಕೆ. ಐದು ಹಂತ, ದಿನಕ್ಕೆ ಐದು ಪದ ಅಂದರೆ ಕೆಲವು ವಾರಗಳ ನಂತರ ದಿನಕ್ಕೆ ಸುಮಾರು 25 ಚೀಟಿ, ತಪ್ಪಿದವು ಸೇರಿ 35. ಚೀಟಿಗೆ ಹದಿನೈದು ಸೆಕೆಂಡ್ ಹಿಡಿದರೂ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಅದೇ ದಿನಕ್ಕೆ ಇಪ್ಪತ್ತು ಪದ ಹಾಕಿಕೊಂಡರೆ ಮರುನೋಟ 140ಕ್ಕೆ ಏರುತ್ತದೆ. ಮೊದಲ ವಾರ ಉತ್ಸಾಹ, ಮೂರನೇ ವಾರ ಗುಡ್ಡೆ ಬಿದ್ದ ಚೀಟಿ, ಐದನೇ ವಾರ ಡಬ್ಬಿ ಅಟ್ಟದ ಮೇಲೆ.

ನೀವು ಮೆಟ್ರೋದಲ್ಲಿ ಓಡಾಡುವುದರಿಂದ ಚೀಟಿಗಿಂತ ಫೋನ್ ಸುಲಭ. ಬೆಳಗ್ಗೆ ಮೆಜೆಸ್ಟಿಕ್‌ವರೆಗಿನ ನೂಕುನುಗ್ಗಲಿನಲ್ಲಿ ಕಂಬ ಹಿಡಿದು ನಿಂತವರು ಚೀಟಿ ತಿರುವಲು ಆಗುವುದಿಲ್ಲ. ಆಂಕಿ ಎಂಬ ಆ್ಯಪ್ ಇದೇ ಡಬ್ಬಿ ಕೆಲಸವನ್ನು ಮಾಡುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ, ಐಫೋನ್‌ಗೆ ದುಡ್ಡು ಕೊಡಬೇಕು. ಹಾಕಿದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ದಿನದ ಹೊಸ ಕಾರ್ಡ್ 20 ಎಂದಿರುವುದನ್ನು 5 ಮಾಡಿ. ಕಾರ್ಡ್ ಬಗೆಗಳಲ್ಲಿ 'ಕ್ಲೋಜ್' ಎಂಬುದು ಖಾಲಿ ಜಾಗ ತುಂಬುವಂಥದ್ದು, ಅದನ್ನೇ ಬಳಸಿ. ಬೇರೆಯವರು ಮಾಡಿಟ್ಟ ಸಾವಿರಾರು ಪದಗಳ ಕಟ್ಟು ಇಳಿಸಿಕೊಳ್ಳುವ ಆಸೆ ಬರುತ್ತದೆ. ಬಿಟ್ಟುಬಿಡಿ, ಆ ವಾಕ್ಯಗಳ ಹಿಂದೆ ನಿಮ್ಮ ಬದುಕು ಇಲ್ಲ. ಕಾರ್ಡ್ ಮಾಡುವ ಕೆಲಸ ರಾತ್ರಿ ಮನೆಯಲ್ಲಿ, ಐದು ಪದಕ್ಕೆ ಇಪ್ಪತ್ತೈದು ನಿಮಿಷ ಬೇಕು. ಮರುನೋಟ ಬೆಳಗ್ಗೆ ರೈಲಿನಲ್ಲಿ. ಉತ್ತರ ತೋರಿಸುವ ಮುಂಚೆ ತುಟಿಯಲ್ಲಿ ಆದರೂ ಪೂರ್ತಿ ವಾಕ್ಯ ಆಡಬೇಕು. 'ಗೊತ್ತಿದೆ' ಎಂದು ಬಟನ್ ಒತ್ತುತ್ತಾ ಹೋದರೆ ಹಳೇ ನೋಟ್‌ಬುಕ್‌ನ ಮೋಸವೇ ಹೊಸ ರೂಪದಲ್ಲಿ ಮುಂದುವರಿಯುತ್ತದೆ. ಆ ನೋಟ್‌ಬುಕ್‌ಗಳನ್ನು ಬಿಸಾಡಬೇಕಿಲ್ಲ. ವಾರಕ್ಕೊಂದು ಪುಟ ತೆಗೆದು, ಆಕ್ಸ್‌ಫರ್ಡ್ 3000ರಲ್ಲಿ ಇರುವ ಪದಗಳನ್ನು ಮಾತ್ರ ಹೊಸ ಚೀಟಿಗೆ ಏರಿಸಿ, ಉಳಿದವುಗಳ ಮೇಲೆ ಗೆರೆ ಎಳೆಯಿರಿ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಅರ್ಧ ಇಂಗ್ಲಿಷ್ ನಮ್ಮ ಕನ್ನಡದೊಳಗೇ ಇದೆ, ಆದರೆ ಬೇರೆ ಅರ್ಥದಲ್ಲಿ. ಹೋಟೆಲ್ ಅಂದರೆ ನಮಗೆ ಇಡ್ಲಿ ತಿನ್ನುವ ಜಾಗ, ಇಂಗ್ಲಿಷ್‌ನಲ್ಲಿ ತಂಗುವ ಜಾಗ. ಮನೆ ಅಡ್ವಾನ್ಸ್ ಎಂಬುದನ್ನು ಡಿಪಾಸಿಟ್ ಎಂದರೆ ಹೊರಗಿನವರಿಗೆ ತಿಳಿಯುತ್ತದೆ, ಬರೀ ಅಡ್ವಾನ್ಸ್ ಅಂದರೆ ಮುಂಗಡ ಪಾವತಿ ಎಂದುಕೊಳ್ಳುತ್ತಾರೆ. ಬಿಲ್ಡಪ್ ಕೊಡುವುದು, ಟೆನ್ಷನ್ ಮಾಡಿಕೊಳ್ಳುವುದು ನಮ್ಮವೇ. '2019ರಲ್ಲಿ ಪಾಸ್ ಔಟ್ ಆದೆ' ಎಂದು ವಿದೇಶದ ಕ್ಲೈಂಟ್‌ಗೆ ಹೇಳಿದರೆ ಪ್ರಜ್ಞೆ ತಪ್ಪಿತು ಎಂದು ಕೇಳಿಸಬಹುದು, ಗ್ರ್ಯಾಜುಯೇಟೆಡ್ ಅನ್ನಿ. 'ಐ ಹ್ಯಾವ್ ಎ ಡೌಟ್' ಕೂಡ ಪ್ರಶ್ನೆ ಕೇಳುವಾಗ ಹೊರಗೆ ಸರಿಹೊಂದುವುದಿಲ್ಲ, 'ಐ ಹ್ಯಾವ್ ಎ ಕ್ವೆಶ್ಚನ್' ಬೇಕು. ಇವೆಲ್ಲ ತಪ್ಪು ಇಂಗ್ಲಿಷ್ ಎಂದು ನಾಚಬೇಕಾಗಿಲ್ಲ. ಪ್ರಿಪೋನ್ ಎಂಬ ನಮ್ಮ ಪದ ಆಕ್ಸ್‌ಫರ್ಡ್ ಕೋಶದಲ್ಲೇ ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಕೂತಿದೆ. ಅಂಥ ಚೀಟಿಯ ಮೂಲೆಯಲ್ಲಿ 'ಇಲ್ಲಿ ಮಾತ್ರ' ಎಂದು ಬರೆದುಕೊಳ್ಳಿ, ಸಾಕು.

ಉಚ್ಚಾರಣೆಗೆ ಹೆಚ್ಚು ಹೇಳುವುದಿಲ್ಲ. ಡಿಕ್ಷನರಿಯ ಸ್ಪೀಕರ್ ಗುರುತು ಒತ್ತಿ ಎರಡು ಸಲ ಕೇಳಿ, ಒತ್ತು ಬೀಳುವ ಉಚ್ಚಾರಾಂಶದ ಕೆಳಗೆ ಗೆರೆ ಎಳೆಯಿರಿ. ಬರೆದಂತೆ ಓದುವ ಭಾಷೆಯಿಂದ ಬಂದವರಿಗೆ ಮೂಕ ಅಕ್ಷರಗಳು ಕಾಟ ಕೊಡುತ್ತವೆ. ನಿಮ್ಮ ಅಕೌಂಟ್ಸ್ ಪದಗಳಲ್ಲೇ ಎರಡಿವೆ: ಸಾಲದ ಡೆಟ್‌ನಲ್ಲಿ ಬಿ ಉಚ್ಚರಿಸುವುದಿಲ್ಲ, ರಿಸೀಟ್‌ನಲ್ಲಿ ಪಿ ಉಚ್ಚರಿಸುವುದಿಲ್ಲ. ರೆಕಾರ್ಡ್ ನಾಮಪದವಾದಾಗ ಒತ್ತು ಮೊದಲ ಉಚ್ಚಾರಾಂಶದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ.

ಚೀಟಿಯಿಂದ ಬಾಯಿಗೆ ಬರಲು ಇನ್ನೊಂದು ಮೆಟ್ಟಿಲು ಉಳಿಯಿತು. ಸೋಮವಾರ ಬೆಳಗ್ಗೆ ಮೂರನೇ ಖಾನೆ ದಾಟಿದ ಪದಗಳಲ್ಲಿ ಮೂರನ್ನು ಆರಿಸಿ, ಆ ವಾರದ ಮೇಲ್‌ಗಳಲ್ಲಿ ಒಂದೊಂದು ಸಲ ಬಳಸಿ. 'ದೇರ್ ಈಸ್ ಎ ಡಿಸ್ಕ್ರೆಪನ್ಸಿ ಬಿಟ್ವೀನ್ ದಿ ಇನ್‌ವಾಯ್ಸ್ ಅಂಡ್ ದಿ ಡೆಲಿವರಿ ಚಲನ್' ಎಂದು ಒಮ್ಮೆ ನಿಜವಾದ ಕೆಲಸಕ್ಕೆ ಬರೆದರೆ ಅದು ಹತ್ತು ಮರುನೋಟಕ್ಕೆ ಸಮ. ಮಾತಿಗೆ, ವಾರಕ್ಕೆರಡು ಸಲ ಕೋಣೆಯ ಬಾಗಿಲು ಹಾಕಿಕೊಂಡು ಫೋನ್‌ನಲ್ಲಿ ರೆಕಾರ್ಡ್ ಮಾಡುತ್ತಾ ಆಫೀಸಿನ ಒಂದು ವಿಷಯವನ್ನು ನಾಲ್ಕು ನಿಮಿಷ ಹೇಳಿ, ತಕ್ಷಣ ಅದನ್ನೇ ಮೂರು ನಿಮಿಷದಲ್ಲಿ, ಮತ್ತೆ ಎರಡು ನಿಮಿಷದಲ್ಲಿ. ವಿಷಯ ಅದೇ ಆಗಿರುವುದರಿಂದ ಎರಡನೇ, ಮೂರನೇ ಸುತ್ತಿನಲ್ಲಿ ತಡವರಿಕೆ ತಗ್ಗುತ್ತದೆ, ಹೊಸ ಪದ ತುರುಕಲು ಜಾಗ ಸಿಗುತ್ತದೆ.

ತಿಂಗಳ ಕೊನೆಯ ಭಾನುವಾರ ಡಬ್ಬಿಯಿಂದ ಕಣ್ಣುಮುಚ್ಚಿ ಇಪ್ಪತ್ತು ಚೀಟಿ ತೆಗೆಯಿರಿ. ಮುಂಬದಿಯ ಕನ್ನಡ ಸನ್ನಿವೇಶ ಓದಿ, ಖಾಲಿ ಬಿಟ್ಟ ಇಂಗ್ಲಿಷ್ ವಾಕ್ಯವನ್ನು ಕೈಯಿಂದ ಮುಚ್ಚಿ, ಪೂರ್ತಿ ವಾಕ್ಯ ಬಾಯಲ್ಲಿ ಹೇಳಿ. ಹದಿನಾರಕ್ಕಿಂತ ಹೆಚ್ಚು ಬಂದರೆ ಮುಂದಿನ ತಿಂಗಳು ದಿನಕ್ಕೆ ಏಳು ಪದ ಮಾಡಿಕೊಳ್ಳಬಹುದು. ಹನ್ನೆರಡಕ್ಕಿಂತ ಕಡಿಮೆ ಬಂದರೆ ಒಂದು ವಾರ ಹೊಸ ಪದ ನಿಲ್ಲಿಸಿ, ತಪ್ಪಿದ ಚೀಟಿಗಳ ವಾಕ್ಯಗಳನ್ನು ಮತ್ತೆ ನೋಡಿ. ಅವುಗಳಲ್ಲಿ ಹೆಚ್ಚಿನವು ಬೆರಳಿಟ್ಟು ನೋಡುವ ಪರೀಕ್ಷೆಯಲ್ಲಿ ಸೋಲುವ ವಾಕ್ಯಗಳೇ ಆಗಿರುತ್ತವೆ, ಅವನ್ನು ಹರಿದು ಹೊಸದಾಗಿ ಬರೆಯಿರಿ.